ಟ್ರಂಕಿನಿಂದ ತೆರೆಗೆ: ವಿಮರ್ಶಕರೊಬ್ಬರ ಸಾಕ್ಷ್ಯಚಿತ್ರ ಮಾಡಿದ ಬಗೆ

ಸಿನಿಮಾ ವಿಮರ್ಶಕರ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟವರಿಗೆ ಮೊದಲ ದಿನವೇ ಗೊತ್ತಾಗುವ ತೊಡಕೆಂದರೆ, ಕ್ಯಾಮೆರಾದ ಮುಂದೆ ನಡೆಯುವಂಥದ್ದು ಏನೂ ಇಲ್ಲ. ಕುಂಬಾರರ ಕೈಯಲ್ಲಿ ಮಣ್ಣು ಮಡಕೆಯಾಗುವುದು ಕಾಣುತ್ತದೆ. ಭಾಗವತರ ಕೈಯಲ್ಲಿ ಜಾಗಟೆ ಇರುತ್ತದೆ. ವಿಮರ್ಶಕರು ಕತ್ತಲಲ್ಲಿ ಎರಡೂವರೆ ಗಂಟೆ ಕೂರುತ್ತಾರೆ, ಮನೆಗೆ ಬಂದು ಬರೆಯುತ್ತಾರೆ, ಅಷ್ಟೆ. ಹಾಗಾಗಿ ಹೆಚ್ಚಿನವರು ಅವರನ್ನು ಪುಸ್ತಕದ ಕಪಾಟಿನ ಮುಂದೆ ಕೂರಿಸಿ ಮಾತಾಡಿಸುತ್ತಾರೆ, ನಡುವೆ ನಾಲ್ಕು ಜನರ ಹೊಗಳಿಕೆ ಸೇರಿಸುತ್ತಾರೆ, ತೋಟದ ಮೇಲೆ ಡ್ರೋನ್ ಹಾರಿಸುತ್ತಾರೆ. ಅಂಥ ಚಿತ್ರ ಮುಗಿದ ಮೇಲೂ ಅವರು ಒಂದು ಸಿನಿಮಾದಲ್ಲಿ ಏನು ಕಂಡರು, ಹೇಗೆ ಕಂಡರು ಎಂಬುದು ನೋಡಿದವರಿಗೆ ತಿಳಿದಿರುವುದಿಲ್ಲ. ನಮ್ಮ 58 ನಿಮಿಷದ ಚಿತ್ರಕ್ಕೆ ಅವರು ಸಿನಿಮಾ ನೋಡುವ ಆ ಕೆಲಸವೇ ವಸ್ತುವಾಗಬೇಕಿತ್ತು. ಅದಕ್ಕೆ ಏನೇನು ಮಾಡಿದೆವು, ಎಲ್ಲಿ ಕೆಟ್ಟಿತು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಚಿತ್ರ ಯಾರ ಮೇಲೋ ಅವರು ಶಿವಮೊಗ್ಗದಲ್ಲಿ ಕಾಲೇಜು ಪಾಠ ಮಾಡಿ ನಿವೃತ್ತರಾಗಿ ತೀರ್ಥಹಳ್ಳಿ ಸೀಮೆಯ ತೋಟದ ಮನೆಗೆ ಮರಳಿದವರು. ಹೆಸರು ಬೇಡ. ಊರಿನವರು ಕರೆಯುವ ಹಾಗೆ ಮೇಷ್ಟ್ರು ಎಂದರೆ ಸಾಕು. ಇಂಥ ಹಳ್ಳಿಗಾಡಿನಲ್ಲಿ ಸಿನಿಮಾ ವಿಮರ್ಶಕರು ಹೇಗೆ ಹುಟ್ಟಿಕೊಂಡರು ಎಂದು ಹೊರಗಿನವರು ಕೇಳುತ್ತಾರೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ, ನೀನಾಸಂ ನಾಟಕ ಸಂಘದ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಸಿನಿಮಾ ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ಬೆಳೆಗಾರರು ಜಗತ್ತಿನ ದೊಡ್ಡ ಚಿತ್ರಗಳನ್ನು 16 ಮಿ.ಮೀ. ಅಗಲದ ಫಿಲ್ಮಿನ ಪ್ರಿಂಟಿನಲ್ಲಿ ಕಂಡರು. ಮೇಷ್ಟ್ರು ಬರೆಯಲು ಹಿಡಿದದ್ದು ಆ ವರ್ಷಗಳಲ್ಲೇ. ಈ 16 ಮಿ.ಮೀ. ಸಂಗತಿ ಮುಂದೆ ಮತ್ತೆ ಬರುತ್ತದೆ, ನಮ್ಮ ಚಿತ್ರದ ಒಂದು ಮುಖ್ಯ ಎಳೆ ಅಲ್ಲಿಂದಲೇ ಸಿಕ್ಕಿತು.

ಮೊದಲ ಐದು ತಿಂಗಳು ಚಿತ್ರೀಕರಣಕ್ಕೆ ಕೈಹಾಕಲಿಲ್ಲ. ಅಟ್ಟದ ಮೇಲೆ ಎರಡು ಕಬ್ಬಿಣದ ಟ್ರಂಕು, ನಾಗಂದಿಗೆಯಲ್ಲಿ ಒಂದು ಬುಟ್ಟಿ ತುಂಬ ಕ್ಯಾಸೆಟ್ಟು. ಟ್ರಂಕಿನಲ್ಲಿ ಪತ್ರಿಕೆಗಳಿಂದ ಕತ್ತರಿಸಿದ ವಿಮರ್ಶೆಗಳು, ಸುಮಾರು 900. ಅರ್ಧದಷ್ಟನ್ನು ಹಳೆಯ ಲೆಕ್ಕದ ಪುಸ್ತಕಕ್ಕೆ ಮೈದಾ ಅಂಟಿನಿಂದ ಅಂಟಿಸಿದ್ದರು, ಉಳಿದವನ್ನು ಗುಂಡುಪಿನ್ನು ಚುಚ್ಚಿ ಕಟ್ಟು ಕಟ್ಟಿದ್ದರು. ಎರಡೂ ತೊಂದರೆ ಕೊಟ್ಟವು. ಮೈದಾ ಅಂಟು ಹುಳುವಿಗೆ ಊಟ. ಸಿಲ್ವರ್ ಫಿಶ್ ಅಂಟನ್ನು ತಿನ್ನುತ್ತ ಅದರ ಮೇಲಿನ ಅಕ್ಷರವನ್ನೂ ತಿಂದಿತ್ತು. ಪಿನ್ನು ಮಲೆನಾಡಿನ ತೇವಕ್ಕೆ ತುಕ್ಕು ಹಿಡಿದು ಕಾಗದದಲ್ಲೇ ಕರಗಿತ್ತು. ಎಳೆದರೆ ಹಾಳೆ ಹರಿಯುತ್ತದೆ. ಹಿಂದಿನಿಂದ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಪಿನ್ನನ್ನು ಸಣ್ಣ ಕಟ್ಟರಿನಲ್ಲಿ ಎರಡು ತುಂಡು ಮಾಡಿ, ಒಂದೊಂದೇ ತುಂಡನ್ನು ಹೊರತೆಗೆಯಬೇಕು. ಒಂದು ಕಟ್ಟಿಗೆ ಅರ್ಧ ಗಂಟೆ ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಳೆಗಾಲ ಕಳೆದ ಮೇಲೆ ಪುಸ್ತಕಗಳನ್ನು ಅಂಗಳದ ಬಿಸಿಲಿಗೆ ಹರವುವುದು ನಮ್ಮ ಕಡೆಯ ಮನೆಗಳಲ್ಲಿ ರೂಢಿ. ನ್ಯೂಸ್‌ಪ್ರಿಂಟಿಗೆ ಅದು ಕೂಡದು. ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಬಿಸಿಲು ತಾಗಿದರೆ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬೀಸದ ಕಡೆ, ಹಾಳೆಗಳ ನಡುವೆ ಬಿಳಿ ಒತ್ತುಕಾಗದ ಇಟ್ಟು ಎರಡು ಮೂರು ದಿನ ಬಿಡಬೇಕು. ಹುಳು ಇರುವ ಕಟ್ಟನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಟ್ಟೆವು. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ ಬಿಚ್ಚಬೇಕು, ಇಲ್ಲವಾದರೆ ಚೀಲದೊಳಗೆ ನೀರಿನ ಹನಿ ಕಟ್ಟುತ್ತದೆ. ಬೂಷ್ಟು ಹಿಡಿದ ಹಾಳೆ ಮುಟ್ಟುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬಾರದು. ಟೇಪು ಹತ್ತಿಪ್ಪತ್ತು ವರ್ಷಕ್ಕೆ ಉದುರಿಹೋಗುತ್ತದೆ, ಅದರ ಕಂದು ಕಲೆ ಮಾತ್ರ ಹಾಳೆಯಲ್ಲೇ ಉಳಿಯುತ್ತದೆ.

ಪ್ರತಿ ಮಾಡುವಾಗ ನಾವು ದೊಡ್ಡ ತಪ್ಪನ್ನೇ ಮಾಡಿದೆವು. ಕ್ಯಾಮೆರಾವನ್ನು ಮೇಲಿನಿಂದ ಕೆಳಮುಖವಾಗಿ ಕಟ್ಟಿ, ಎರಡು ಬದಿಗೆ 45 ಡಿಗ್ರಿಯಲ್ಲಿ ಎಲ್‌ಇಡಿ ದೀಪ ಇಟ್ಟು, ಹಾಳೆಯ ಮೇಲೆ 4 ಮಿ.ಮೀ. ಗಾಜು ಮುಚ್ಚಿ ಫೋಟೋ ಹೊಡೆದೆವು. 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಸೆಂ.ಮೀ. ಅಗಲದ ಚೌಕಟ್ಟು. ಲೆಕ್ಕ ಹಾಕಿದರೆ ಅಂಗುಲಕ್ಕೆ ಸುಮಾರು 300 ಪಿಕ್ಸೆಲ್. ಓದಲು ಇಷ್ಟು ಧಾರಾಳ. ಆದರೆ ಪತ್ರಿಕೆಯ ಒಂದು ಅಂಕಣದ ಅಗಲ 5 ಸೆಂ.ಮೀ. ಆಸುಪಾಸು. ಅದೊಂದನ್ನೇ ತೆರೆಯ ತುಂಬ ತೋರಿಸುತ್ತ ಸಾಲಿನಿಂದ ಸಾಲಿಗೆ ಸಾಗಬೇಕೆಂದರೆ ಕೈಯಲ್ಲಿ ಇರುವುದು 600 ಪಿಕ್ಸೆಲ್, ಎಚ್‌ಡಿ ತೆರೆ ಕೇಳುವುದು 1920. ಅಕ್ಷರ ಒಡೆದು ಮಸಕಾಯಿತು. ಚಿತ್ರಕ್ಕೆ ಬೇಕೆಂದು ಆರಿಸಿದ 70 ತುಣುಕುಗಳನ್ನು ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿಪಿಐಗೆ, ಅಂದರೆ ಅಂಗುಲಕ್ಕೆ 1200 ಚುಕ್ಕಿಗೆ, ಮತ್ತೆ ಮಾಡಿದೆವು. ಅಷ್ಟರಲ್ಲಿ ಜೂನ್ ಬಂದಿತ್ತು, ಹಾಳೆಗಳು ಮತ್ತೆ ತೇವ ಎಳೆದು ಮೆತ್ತಗಾಗಿದ್ದವು. ಬರಹವನ್ನು ತೆರೆಗೆ ತರುವ ಯೋಚನೆ ಇರುವವರು ಮೊದಲ ಸಲವೇ 1200ಕ್ಕೆ ಮಾಡಿಬಿಡಲಿ. ಪತ್ರಿಕೆಯ ಫೋಟೋಗಳು ಚುಕ್ಕಿಗಳಿಂದ ಆದವು. ಕಡಿಮೆ ಡಿಪಿಐನಲ್ಲಿ ಅವುಗಳ ಮೇಲೆ ಅಲೆಯಲೆಯಾದ ಗೆರೆ ಬೀಳುತ್ತದೆ. 1200ಕ್ಕೆ ಮಾಡಿ ಆಮೇಲೆ ಇಳಿಸಿದರೆ ಅದೂ ಹೋಗುತ್ತದೆ.

ಇನ್ನು ದಿನಾಂಕ. ಕತ್ತರಿಸುವವರು ತಮ್ಮ ಬರಹ ಎಷ್ಟಿದೆಯೋ ಅಷ್ಟನ್ನೇ ಕತ್ತರಿಸುತ್ತಾರೆ. ಪತ್ರಿಕೆಯ ಹೆಸರು, ತಾರೀಕು ಇರುವ ಮೇಲಂಚು ಒಲೆಗೆ ಹೋಗುತ್ತದೆ. 900ರಲ್ಲಿ ಸುಮಾರು 350ಕ್ಕೆ ತಾರೀಕು ಇರಲಿಲ್ಲ. ಆಗ ನೋಡಬೇಕಾದದ್ದು ಹಾಳೆಯ ಬೆನ್ನು. ಹಿಂದಿನ ಪುಟದಲ್ಲಿ ಅರ್ಧ ಕತ್ತರಿಸಿದ ಸುದ್ದಿ ಇರುತ್ತದೆ, ಸಿನಿಮಾ ಜಾಹೀರಾತಿನಲ್ಲಿ ‘3ನೇ ವಾರ’ ಎಂದಿರುತ್ತದೆ, ಪರೀಕ್ಷೆಯ ಫಲಿತಾಂಶವೋ ಟೆಂಡರ್ ಪ್ರಕಟಣೆಯೋ ಇರುತ್ತದೆ. ಟೆಂಡರ್ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಕೊನೆಯ ದಿನಾಂಕ ಇದ್ದೇ ಇರುತ್ತದೆ. ಹಾಗಾಗಿ ಪ್ರತಿ ತುಣುಕಿನ ಎರಡೂ ಮುಖ ಸ್ಕ್ಯಾನ್ ಮಾಡಬೇಕು. ಲೆಕ್ಕದ ಪುಸ್ತಕಕ್ಕೆ ಅಂಟಿಸಿದವುಗಳ ಬೆನ್ನು ಕಾಣದು. ಹಾಳೆಯ ಹಿಂದೆ ಬಲವಾದ ದೀಪ ಹಿಡಿದರೆ ಕೆಲವು ಅಕ್ಷರ ತಿರುಗುಮುರುಗಾಗಿ ಕಂಡವು, ಫೋಟೋ ಹೊಡೆದು ಕಂಪ್ಯೂಟರಿನಲ್ಲಿ ಮಗುಚಿ ಓದಿದೆವು.

ಚಿತ್ರ ಬಿಡುಗಡೆಯಾದ ತಾರೀಕನ್ನೇ ವಿಮರ್ಶೆಯ ತಾರೀಕೆಂದು ಹಿಡಿದರೆ ಮೋಸಹೋಗುತ್ತೀರಿ. ಆಗ ಪ್ರಿಂಟುಗಳು ಕೆಲವೇ ಇರುತ್ತಿದ್ದವು. ಮೊದಲು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಲ್ಲಿ ಓಡಿ, ಅಲ್ಲಿ ಇಳಿದ ಮೇಲೆ ಜಿಲ್ಲೆಗಳ ಕಡೆ ಬರುತ್ತಿದ್ದವು. ಶಿವಮೊಗ್ಗದ ಲಕ್ಷ್ಮಿ ಟಾಕೀಸಿನಲ್ಲೋ ಮಲ್ಲಿಕಾರ್ಜುನ ಟಾಕೀಸಿನಲ್ಲೋ ಕಾಣುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು. ತೀರ್ಥಹಳ್ಳಿ, ಹೊಸನಗರದ ಕಡೆಗೆ ಇನ್ನೂ ತಡ. ಅಂದರೆ ಮೇಷ್ಟ್ರು ಬರೆಯುವಾಗ ಬೆಂಗಳೂರಿನವರ ವಿಮರ್ಶೆ ಆಗಲೇ ಬಂದಿರುತ್ತಿತ್ತು. ಅವರ ಬರಹದಲ್ಲಿ ಕಥೆ ಹೇಳುವ ಭಾಗ ಏಕೆ ಅಷ್ಟು ಚಿಕ್ಕದು, ಒಂದೊಂದು ದೃಶ್ಯದ ಮೇಲೆ ಏಕೆ ಅಷ್ಟು ಹೊತ್ತು ನಿಲ್ಲುತ್ತಾರೆ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಇತ್ತು. ದಿನಾಂಕದ ಪಟ್ಟಿ ಮಾಡದೆ ಹೋಗಿದ್ದರೆ ಇದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಪಟ್ಟಿಯಲ್ಲಿ ಏಳು ಕಲಂ: ಚಿತ್ರ, ಪತ್ರಿಕೆ, ದಿನಾಂಕ, ಆ ದಿನಾಂಕಕ್ಕೆ ಆಧಾರ, ನೋಡಿದ ಜಾಗ, ಪ್ರಿಂಟಿನ ಅಳತೆ, ಫೈಲಿನ ಹೆಸರು. ಪ್ರಿಂಟಿನ ಅಳತೆ ಎಂಬ ಕಲಂ ಮೊದಲು ಇರಲಿಲ್ಲ, ಅದನ್ನು ಸೇರಿಸಿದ ಕಾರಣ ಹೇಳುತ್ತೇವೆ. ಒಂದು ಕಪ್ಪು-ಬಿಳುಪು ಚಿತ್ರದ ಬಗ್ಗೆ ಮೇಷ್ಟ್ರು, ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ, ಛಾಯಾಗ್ರಾಹಕರು ಕತ್ತಲೆಗೆ ಸೋತಿದ್ದಾರೆ ಎಂಬರ್ಥದಲ್ಲಿ ಕಟುವಾಗಿ ಬರೆದಿದ್ದರು. ಅದೇ ಚಿತ್ರದ ಒಳ್ಳೆಯ ಡಿಜಿಟಲ್ ಪ್ರತಿ ನೋಡಿದರೆ ಕತ್ತಲೆಯೊಳಗೆ ಮುಖ, ಗೋಡೆ, ಬಾಗಿಲಿನ ಚೌಕಟ್ಟು ಎಲ್ಲ ಸ್ಪಷ್ಟ. ವಿಮರ್ಶಕರು ತಪ್ಪಿದ್ದಾರೆ ಎಂದು ಬರೆದುಕೊಂಡೆವು. ಆಮೇಲೆ ಅವರ ದಿನಚರಿಯಲ್ಲಿ ಆ ದಿನದ ಎದುರು ‘16’ ಎಂಬ ಅಂಕಿ ಸಿಕ್ಕಿತು. 35 ಮಿ.ಮೀ. ಮೂಲದಿಂದ 16 ಮಿ.ಮೀ.ಗೆ ಇಳಿಸಿದ ಪ್ರಿಂಟಿನಲ್ಲಿ, ಪ್ರತಿಯಿಂದ ಪ್ರತಿಗೆ ಹೋದಂತೆ ಕಪ್ಪು ಗಟ್ಟಿಯಾಗುತ್ತ ನೆರಳಿನ ವಿವರ ಅಳಿಸಿಹೋಗುತ್ತದೆ. ಅವರು ನೋಡಿದ್ದನ್ನೇ ಬರೆದಿದ್ದರು. ವಿಮರ್ಶಕರ ಕೆಲಸವನ್ನು ತೂಗುವ ಮೊದಲು ಅವರು ನೋಡಿದ ಪ್ರಿಂಟು ಯಾವುದು ಎಂದು ಕೇಳಿಕೊಳ್ಳಬೇಕು. ನಮ್ಮ ಚಿತ್ರದಲ್ಲಿ ಈ ಭಾಗ ನಾಲ್ಕು ನಿಮಿಷ ಇದೆ: ಎಡಕ್ಕೆ ಹಳೆಯ ಪ್ರಿಂಟಿನ ಕತ್ತಲೆ, ಬಲಕ್ಕೆ ಹೊಸ ಪ್ರತಿ.

ಅದೇ 16 ಮಿ.ಮೀ. ಇನ್ನೊಂದನ್ನೂ ಬಿಡಿಸಿತು. ಮೇಷ್ಟ್ರ ಆರಂಭದ ವಿಮರ್ಶೆಗಳು ಹೆಚ್ಚುಕಡಿಮೆ ಎಲ್ಲವೂ ಚಿತ್ರವನ್ನು ಮೂರು ಭಾಗ ಮಾಡಿ ನೋಡುತ್ತವೆ. ಇದು ಯಾವುದೋ ಸಿದ್ಧಾಂತದಿಂದ ಬಂದಿರಬೇಕು ಎಂದುಕೊಂಡಿದ್ದೆವು. 16 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ ನಿಮಿಷಕ್ಕೆ 36 ಅಡಿ ಓಡುತ್ತದೆ. 1600 ಅಡಿಯ ದೊಡ್ಡ ರೀಲು 44 ನಿಮಿಷ ಬರುತ್ತದೆ. ಎರಡು ಗಂಟೆಯ ಚಿತ್ರಕ್ಕೆ ಮೂರು ರೀಲು. ಪ್ರೊಜೆಕ್ಟರ್ ಒಂದೇ ಇದ್ದ ಕಡೆ ರೀಲು ಬದಲಿಸುವಾಗ ದೀಪ ಹಾಕಲೇಬೇಕು, ಆ ಐದು ಹತ್ತು ನಿಮಿಷ ಜನ ಮಾತಾಡುತ್ತಿದ್ದರು. ಪ್ರದರ್ಶನದ ನಂತರದ ಚರ್ಚೆಯ ಕ್ಯಾಸೆಟ್ಟುಗಳಲ್ಲಿ ಸಭಿಕರೂ ‘ಎರಡನೇ ರೀಲಿನಲ್ಲಿ’ ಎಂದೇ ಮಾತಾಡುತ್ತಾರೆ. ಕೇಳಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ತಮಗೇ ಹೊಳೆದಿರಲಿಲ್ಲ ಎಂದರು. ಸಂದರ್ಶನಗಳಲ್ಲಿ ನಮಗೆ ಸಿಕ್ಕ ಬಹಳ ಒಳ್ಳೆಯ ಗಳಿಗೆ ಅದು. ಕಾಗದದ ಕೆಲಸ ಮೊದಲು ಮುಗಿಸಿದ್ದಕ್ಕೇ ಅದು ದಕ್ಕಿತು.

ಕ್ಯಾಸೆಟ್ಟುಗಳ ವಿಷಯ ಬೇಗ ಹೇಳಿಬಿಡುತ್ತೇವೆ. ಹೆಚ್ಚಿನವು ಸಿ-90, ಒಂದು ಬದಿಗೆ 45 ನಿಮಿಷ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಹಾಕಿದರೆ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಟೇಪನ್ನು ಒತ್ತಿ ಹಿಡಿಯುವ ಸಣ್ಣ ಬಟ್ಟೆಯ ತುಂಡು ಹಳತಾದರೆ ಕಳಚಿ ಬೀಳುತ್ತದೆ, ದನಿ ಸೊರಗುತ್ತದೆ. ಬೇರೆ ಕ್ಯಾಸೆಟ್ಟಿನದ್ದನ್ನು ತೆಗೆದು ಅಂಟಿಸಬಹುದು. ದನಿ ಮಂಕಾಗಿದ್ದರೆ ಸಾಫ್ಟ್‌ವೇರ್ ತೆರೆಯುವ ಮೊದಲು ಹೆಡ್ಡಿನ ಪಕ್ಕದ ಅಜಿಮತ್ ತಿರುಪನ್ನು ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಿ, ಸ, ಶ ಅಕ್ಷರಗಳು ಹರಿತವಾಗಿ ಕೇಳುವಲ್ಲಿ ನಿಲ್ಲಿಸಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಹೇಗಿತ್ತೋ ಹಾಗೆ ಇದನ್ನು ಹೊಂದಿಸಬೇಕು, ಪ್ರತಿ ಕ್ಯಾಸೆಟ್ಟಿಗೂ ಬೇರೆ. ನಾವು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿಕೊಂಡೆವು.

ಆಮೇಲೆ ಚಿತ್ರೀಕರಣ. ನೋಡುವ ಕೆಲಸವನ್ನು ಕಾಣಿಸುವುದು ಹೇಗೆ ಎಂಬ ಪ್ರಶ್ನೆಗೆ ನಾವು ಕಂಡುಕೊಂಡದ್ದು ಸರಳ: ಮೇಷ್ಟ್ರ ಕೈಗೆ ರಿಮೋಟ್ ಕೊಟ್ಟು, ಅವರು ಹಿಂದೆ ಬರೆದ ಒಂಬತ್ತು ಚಿತ್ರಗಳನ್ನು ಮತ್ತೆ ನೋಡಲು ಬಿಡುವುದು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು, ಹಿಂದೆ ಹೋಗಬಹುದು, ಬೇಕಿದ್ದರೆ ಮಾತಾಡಬಹುದು. ಹಳೆಯ ವಿಮರ್ಶೆಯನ್ನು ಮೊದಲೇ ಓದಲು ಕೊಡಲಿಲ್ಲ. ಒಂದು ಕ್ಯಾಮೆರಾ ಟಿವಿಯ ಅಂಚಿಗೆ, ಅವರ ಕಣ್ಣಿನ ಎತ್ತರಕ್ಕೆ. ಇನ್ನೊಂದು ಬೆನ್ನ ಹಿಂದೆ, ಕೈಯೂ ತೆರೆಯ ಅಂಚೂ ಒಟ್ಟಿಗೆ ಬರುವ ಹಾಗೆ. ಟಿವಿ 32 ಇಂಚಿನದು, ಆರು ಅಡಿ ದೂರದಲ್ಲಿ.

ತಾಂತ್ರಿಕವಾಗಿ ಇಲ್ಲಿ ಮೂರು ಕಡೆ ಕೆಡುತ್ತದೆ. ಮೊದಲನೆಯದು ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್. ಕ್ಯಾಮೆರಾವನ್ನು ಸಿನಿಮಾದ ಹಾಗೆ 24ಕ್ಕೆ, ಶಟರನ್ನು 1/48ಕ್ಕೆ ಇಟ್ಟರೆ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಚಿತ್ರದಲ್ಲಿ ಬಡಿದುಕೊಳ್ಳುತ್ತವೆ. 25 ಚೌಕಟ್ಟು, 1/50 ಶಟರ್ ಸುರಕ್ಷಿತ. ಟಿವಿಗೆ ಚಿತ್ರ ಕಳಿಸುವ ಲ್ಯಾಪ್‌ಟಾಪನ್ನು 60ರಿಂದ 50 ಹರ್ಟ್ಸ್‌ಗೆ ಬದಲಿಸಬೇಕು. ಮರೆತರೆ ತೆರೆಯ ಮೇಲೆ ಕಪ್ಪು ಪಟ್ಟಿ ಉರುಳುತ್ತದೆ, ಎಡಿಟಿಂಗಿನಲ್ಲಿ ಅದು ಹೋಗುವುದಿಲ್ಲ. ಎರಡನೆಯದು ಕನ್ನಡಕ. ಗಾಜಿನಲ್ಲಿ ತೆರೆಯ ಬಿಂಬ ಮೂಡಿ ಕಣ್ಣು ಮುಚ್ಚಿಹೋಗುತ್ತದೆ. ಆ ಬಿಂಬ ನೋಡಲು ಚೆಂದ, ಆದರೆ ನಮಗೆ ಬೇಕಾಗಿದ್ದದ್ದು ಕಣ್ಣು. ಟಿವಿಯನ್ನು ಅರ್ಧ ಅಡಿ ಕೆಳಗಿಳಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸಿದರೆ ಗಾಜು ಕೆಳಮುಖವಾಗಿ ಬಿಂಬ ಜಾರುತ್ತದೆ. ಮುಖಕ್ಕೆ ಟಿವಿಯ ಬೆಳಕಷ್ಟೇ ಸಾಲದು. 5600 ಕೆಲ್ವಿನ್‌ನ ಸಣ್ಣ ಪ್ಯಾನೆಲ್ಲನ್ನು ಗೋಡೆಗೆ ಹೊಡೆದು ಹಿಂದಿರುಗುವ ಬೆಳಕನ್ನು ಬಳಸಿದೆವು.

ಮೂರನೆಯದು ದನಿ, ಮತ್ತು ಇದರಲ್ಲಿ ಎರಡು ದಿನದ ಕೆಲಸ ನೀರಿಗೆ ಹೋಯಿತು. ಟಿವಿಯ ಸದ್ದು ಮೇಷ್ಟ್ರ ಎದೆಯ ಮೈಕಿಗೂ ಬಿತ್ತು. ಅವರು ಮಾತಾಡುವಾಗ ಹಿಂದೆ ಸಿನಿಮಾದ ಹಾಡು. ಆ ಮಾತನ್ನು ಎಲ್ಲಿ ಕತ್ತರಿಸಿದರೂ ಹಾಡು ತುಂಡಾಗುತ್ತದೆ, ಜೊತೆಗೆ ಹಾಡಿನ ಹಕ್ಕಿನ ಪ್ರಶ್ನೆ ಬೇರೆ. ಮೂರನೇ ದಿನದಿಂದ ಸಿನಿಮಾದ ದನಿಯನ್ನು ಇಯರ್‌ಫೋನಿನಲ್ಲಿ ಅವರಿಗೆ ಮಾತ್ರ ಕೇಳಿಸಿದೆವು. ಕೋಣೆಯಲ್ಲಿ ಉಳಿದದ್ದು ಅವರ ಉಸಿರು, ಕುರ್ಚಿಯ ಕಿರುಗು, ರಿಮೋಟಿನ ಟಿಕ್. ಇದು ಬರೀ ಉಪಾಯವಾಗಿ ಉಳಿಯಲಿಲ್ಲ. ದನಿಯಿಲ್ಲದೆ ಒಬ್ಬರು ನೋಡುವುದನ್ನು ನೋಡುವಾಗ ಅವರ ಮುಖದ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ಸಿನಿಮಾದ ದನಿಯನ್ನು ಎಡಿಟಿಂಗಿನಲ್ಲಿ, ಬೇಕಾದಲ್ಲಿ ಮಾತ್ರ, ಶುದ್ಧ ಮೂಲದಿಂದ ಸೇರಿಸಿದೆವು. ಹೊಂದಿಸಲು ಸುಲಭವಾಗಲೆಂದು ಚಿತ್ರ ಶುರುವಾಗುವಾಗ ತೆರೆ ಕಾಣುವ ಹಾಗೆ ಒಂದು ಚಪ್ಪಾಳೆ, ಪ್ರತಿ ಸಲ ನಿಲ್ಲಿಸಿ ಮತ್ತೆ ಬಿಡುವಾಗ ಚಿತ್ರದ ಗಂಟೆ-ನಿಮಿಷ-ಸೆಕೆಂಡು ನೋಟ್‌ಬುಕ್ಕಿಗೆ.

ಈ ನೋಟ್‌ಬುಕ್ಕೇ ಕೊನೆಗೆ ನಮ್ಮ ಚಿತ್ರಕಥೆಯಾಯಿತು. ಮೊದಲ ಸುತ್ತಿನಲ್ಲಿ ನಾವು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ ಕೆಡಿಸಿದ್ದೆವು. ಕೇಳಿದ ಕೂಡಲೇ ಅವರು ತರಗತಿಯ ಮೇಷ್ಟ್ರಾಗಿ ಪಾಠ ಶುರುಮಾಡುತ್ತಿದ್ದರು. ಎರಡನೇ ಸುತ್ತಿನಿಂದ ಕೋಣೆಯಲ್ಲಿ ಕ್ಯಾಮೆರಾದವರು ಒಬ್ಬರೇ, ಮಾತಿಲ್ಲ. ಪ್ರಶ್ನೆಯೆಲ್ಲ ಮರುದಿನ ಬೆಳಿಗ್ಗೆ. ಎರಡು ಗಂಟೆಯ ಒಂದು ಚಿತ್ರದಲ್ಲಿ ಅವರು 14 ಸಲ ನಿಲ್ಲಿಸಿದರು. ಆ 14 ಜಾಗಗಳನ್ನು ಹಳೆಯ ವಿಮರ್ಶೆಯ ಪಕ್ಕ ಇಟ್ಟು ನೋಡಿದೆವು. ಹನ್ನೊಂದು ಆಗಲೇ ಬರೆದ ದೃಶ್ಯಗಳು. ಮೂರರ ಬಗ್ಗೆ ವಿಮರ್ಶೆಯಲ್ಲಿ ಒಂದು ಸಾಲೂ ಇಲ್ಲ. ಆ ಮೂರು ಜಾಗದಲ್ಲೇ ಅವರು ಹೆಚ್ಚು ಹೊತ್ತು ಸುಮ್ಮನೆ ಕೂತಿದ್ದರು. ಮರುದಿನದ ಸಂದರ್ಶನ ಬರೀ ಆ ಮೂರರ ಬಗ್ಗೆ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಒಂಬತ್ತರಲ್ಲಿ ಇರಲೇಬೇಕಿತ್ತು. ಕಾಸರವಳ್ಳಿಯವರು ಇದೇ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಕಥೆ ಯು.ಆರ್. ಅನಂತಮೂರ್ತಿಯವರದು. ಮರುಸ್ಥಾಪಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮೇಷ್ಟ್ರ ಹಳೆಯ ಬರಹ ಈ ಚಿತ್ರದ ಸಮಾಜ, ಸಂಪ್ರದಾಯದ ಬಗ್ಗೆ ಉದ್ದಕ್ಕೆ ಹೇಳುತ್ತದೆ. ಈಗ ನೋಡುವಾಗ ಅವರು ನಿಲ್ಲಿಸಿದ್ದು ಹೆಚ್ಚಾಗಿ ನಾಣಿ ಎಂಬ ಹುಡುಗ ಸುಮ್ಮನೆ ನೋಡುತ್ತ ನಿಂತ ಕಡೆ. ಆಗ ವಿಷಯದ ಮೇಲಿದ್ದ ಕಣ್ಣು ಈಗ ನೋಡುವವನ ಮೇಲೆ ಬಂದಿದೆ. ಒಬ್ಬ ವಿಮರ್ಶಕರ ಐವತ್ತು ವರ್ಷದ ದಾರಿ ಇಷ್ಟರಲ್ಲೇ ಕಂಡಿತು. ಅದನ್ನು ನಿರೂಪಣೆಯಲ್ಲಿ ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ: ವಿಮರ್ಶೆಯ ಸಾಲು, ಚಿತ್ರದ ತುಣುಕು, ನಿಲ್ಲಿಸಿದ ಕೈ, ಈ ಮೂರನ್ನು ಸಾಲಾಗಿ ಇಟ್ಟೆವು.

ವಯಸ್ಸಾದವರೊಡನೆ ಮಾಡುವಾಗ ಒಂದು ಸಲಕ್ಕೆ 40 ನಿಮಿಷ, ಆಮೇಲೆ ಕಾಲು ಗಂಟೆ ಬಿಡುವು, ಊಟದ ನಂತರ ಕೆಲಸ ಇಲ್ಲ. ಮೇಷ್ಟ್ರ ಮನೆಯಮ್ಮ ನಮಗೆ ಹಾಕಿಕೊಟ್ಟ ನಿಯಮ ಇದು. ಹಸ್ತಪ್ರತಿಗಳನ್ನೆಲ್ಲ ದುಂಡಕ್ಷರದಲ್ಲಿ ಶುದ್ಧ ಪ್ರತಿ ಮಾಡಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಕಳಿಸುತ್ತಿದ್ದವರೂ ಅವರೇ. ಪ್ರತಿ ಮಾಡುವಾಗ ಕೆಲವು ಕಟು ಮಾತುಗಳ ಅಡಿಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದರಂತೆ, ಇನ್ನೊಮ್ಮೆ ಯೋಚಿಸಿ ಎಂಬ ಗುರುತಾಗಿ. ಗೆರೆ ಇರುವ ಹಾಳೆಗಳು ಟ್ರಂಕಿನಲ್ಲಿ ಇನ್ನೂ ಇವೆ. ಅಚ್ಚಾದ ಪ್ರತಿಯೊಂದಿಗೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಕಡೆ ಮಾತು ಬದಲಾಗಿದೆ. ಇದಕ್ಕೆ ಚಿತ್ರದಲ್ಲಿ ಆರು ನಿಮಿಷ ಕೊಟ್ಟೆವು.

ಮಲೆನಾಡಿನ ಸದ್ದಿನ ಪಂಚಾಂಗ ಗೊತ್ತಿಲ್ಲದೆ ಇಲ್ಲಿ ಸಂದರ್ಶನದ ದಿನ ಗೊತ್ತುಮಾಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ, ಅಂಗಳಕ್ಕೆ ಹಾಕಿದ ತಗಡಿನ ಮೇಲಂತೂ ಮಾತೇ ಕೇಳದು. ಮಳೆ ಬಿಟ್ಟ ಹೊತ್ತಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಇಂಜಿನ್. ಮಳೆಗಾಲ ಮುಗಿದರೆ ಕಳೆ ಕೊಚ್ಚುವ ಯಂತ್ರ, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರ. ಮಾರ್ಚ್ ನಂತರ ಜೀರುಂಡೆ. ಜೀರುಂಡೆಯ ದನಿ 4ರಿಂದ 8 ಕಿಲೋಹರ್ಟ್ಸ್ ಸುತ್ತ ಇರುತ್ತದೆ, ಕನ್ನಡದ ಸ, ಶ, ಷಗಳ ಉಸಿರೂ ಅಲ್ಲೇ. ಸಾಫ್ಟ್‌ವೇರಿನಲ್ಲಿ ಜೀರುಂಡೆ ತೆಗೆದರೆ ಶಕಾರವೂ ಹೋಗಿ ಮಾತು ತೊದಲಾಗುತ್ತದೆ. ನಮಗೆ ಸಿಕ್ಕಿದ್ದು ಫೆಬ್ರವರಿಯ ಬೆಳಗಿನ 7ರಿಂದ 10. ಅಕ್ಕಪಕ್ಕದ ಮನೆಗಳಿಗೆ ಹಿಂದಿನ ದಿನವೇ ಹೋಗಿ, ನಾಳೆ ಯಂತ್ರ ಯಾವಾಗ ಹಚ್ಚುತ್ತೀರಿ ಎಂದು ಕೇಳಿ ಬರುತ್ತಿದ್ದೆವು. ಇನ್ವರ್ಟರಿನ ಗುಂಯ್‌ಗುಡುವಿಕೆ ಮೈಕಿನ ತಂತಿಗೆ ಬರುತ್ತದೆ, ಆದ್ದರಿಂದ ಎಲ್ಲವೂ ಬ್ಯಾಟರಿಯಲ್ಲಿ. ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಸಿಮೆಂಟ್ ನೆಲದ ಮೇಲೆ ಕಂಬಳಿ ಹಾಸಿ, ಎದುರು ಗೋಡೆಗೂ ಒಂದು ನೇತುಹಾಕಿದರೆ ಮಾರ್ದನಿ ಅರ್ಧ ಇಳಿಯುತ್ತದೆ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಖಾಲಿ ಕೋಣೆಯ ದನಿ ತೆಗೆದಿಟ್ಟುಕೊಳ್ಳಿ, ಮಾತಿನ ತೇಪೆ ಹಾಕಲು ಅದೇ ಬಟ್ಟೆ.

ವಿಮರ್ಶೆಯ ಸಾಲುಗಳನ್ನು ಯಾರು ಓದಬೇಕು? ಮೇಷ್ಟ್ರಿಗೇ ಓದಲು ಕೊಟ್ಟೆವು. ಓದುತ್ತ ಓದುತ್ತ ಪದ ಬದಲಿಸಿದರು, ಒಂದು ಕಡೆ ನಿಲ್ಲಿಸಿ "ಇದು ಬೇಡ ಮಾರಾಯ್ರೇ, ಆಗ ತಿಳಿಯದೆ ಬರೆದದ್ದು" ಎಂದರು. ಅದನ್ನು ಚಿತ್ರದಲ್ಲಿ ಉಳಿಸಿಕೊಂಡೆವು. ಆದರೆ ಉಳಿದ ಓದಿಗೆ ನೀನಾಸಂ ರಂಗಶಿಕ್ಷಣ ಪಡೆದ ಒಬ್ಬ ನಟಿಯ ದನಿ ಬಳಸಿದೆವು. ಹಳೆಯ ಬರಹ ಬರೆದ ದಿನದ ಖಚಿತತೆಯಲ್ಲೇ ಕೇಳಬೇಕಿತ್ತು. ನಿಧಾನದ ಓದು ನಿಮಿಷಕ್ಕೆ 90 ಪದ ಹಿಡಿಯುತ್ತದೆ. ಸಾವಿರ ಪದದ ವಿಮರ್ಶೆಗೆ 11 ನಿಮಿಷ. ಹಾಗಾಗಿ ಒಂದು ಚಿತ್ರಕ್ಕೆ 120 ಪದಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಆ 120 ಪದಗಳನ್ನು ಆರಿಸಲು ಹಿಡಿದ ಹೊತ್ತು ಚಿತ್ರೀಕರಣದ ಹೊತ್ತಿಗಿಂತ ಹೆಚ್ಚು.

ಸಿನಿಮಾ ತುಣುಕುಗಳ ಹಕ್ಕಿನ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ‘30 ಸೆಕೆಂಡಿನೊಳಗೆ ಬಳಸಿದರೆ ಪರವಾಗಿಲ್ಲ’ ಎಂಬ ನಿಯಮ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎ) ಕಲಂ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಸೆಕೆಂಡಿನ ಲೆಕ್ಕ ಕೊಡುವುದಿಲ್ಲ. ಎಷ್ಟು ಬಳಸಿದಿರಿ, ಯಾಕೆ ಬಳಸಿದಿರಿ, ಮೂಲದ ಮಾರುಕಟ್ಟೆಗೆ ಪೆಟ್ಟಾಯಿತೇ ಎಂಬುದು ಪ್ರಶ್ನೆ. ತುಣುಕಿನ ಮೇಲೆ ಅದರದ್ದೇ ವಿಮರ್ಶೆ ಕೇಳುತ್ತಿದ್ದರೆ ನಿಮ್ಮ ನೆಲ ಗಟ್ಟಿ. ಊರಿನ ರಸ್ತೆ ತೋರಿಸುವಾಗ ಹಿನ್ನೆಲೆಗೆ ಹಳೆಯ ಹಾಡು ಹಾಕಿದರೆ ಅದು ವಿಮರ್ಶೆಯಲ್ಲ. ಎರಡು ಹಾಡು ನಾವು ಇದೇ ಕಾರಣಕ್ಕೆ ಬಿಟ್ಟೆವು. ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ. 1964ರ ಚಿತ್ರದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೆ ಹಾಡಿನ ಸಾಹಿತ್ಯಕ್ಕೆ ಕವಿಯ ಮರಣಾನಂತರ 60 ವರ್ಷ, ಅದರ ಲೆಕ್ಕವೇ ಬೇರೆ. ನೆಗೆಟಿವ್ ಯಾರ ಬಳಿ ಇದೆಯೋ ಅವರದೇ ಹಕ್ಕು ಎಂದು ತಿಳಿಯಬೇಡಿ. ನಿರ್ಮಾಪಕರ ವಾರಸುದಾರರು, ಟಿವಿ ಹಕ್ಕು ಕೊಂಡವರು, ಆಡಿಯೋ ಕಂಪನಿ, ಮೂವರೂ ಬೇರೆ ಬೇರೆ ಇರಬಹುದು. ಕಾನೂನಿನ ಬೆಂಬಲ ಇದ್ದರೂ ನಾವು ಒಂಬತ್ತು ಚಿತ್ರಕ್ಕೂ ಪತ್ರ ಬರೆದು ಕೇಳಿದೆವು. ಏಳಕ್ಕೆ ಒಪ್ಪಿಗೆ ಬಂತು. ಎರಡನ್ನು ವಕೀಲರ ಸಲಹೆ ಪಡೆದು ಚಿಕ್ಕದಾಗಿ ಉಳಿಸಿಕೊಂಡೆವು. ವಿಮರ್ಶೆಗಳ ಹಕ್ಕು ಸುಲಭ: ಪತ್ರಿಕೆಯ ಸಂಬಳದ ನೌಕರರಲ್ಲದೆ ಹೊರಗಿನಿಂದ ಬರೆದವರ ಲೇಖನದ ಹಕ್ಕು, ಬರೆದು ಕೊಟ್ಟಿರದಿದ್ದರೆ, ಲೇಖಕರದೇ.

ಎಡಿಟಿಂಗಿನಲ್ಲಿ ಕನ್ನಡ ಅಕ್ಷರ ಒಂದು ವಾರ ತಿಂದಿತು. ಎಡಿಟಿಂಗ್ ಸಾಫ್ಟ್‌ವೇರಾದ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಇಂಜಿನ್ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಬೇಕು. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಜಾಗ ಬಿಡಿ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ.

ಒಟ್ಟು 31 ಗಂಟೆ, ಎರಡು ಕ್ಯಾಮೆರಾ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಗಂಟೆಗೆ 45 ಜಿಬಿ, ಎರಡಕ್ಕೂ ಸೇರಿ 2.8 ಟಿಬಿ. ಮೂರು ಹಾರ್ಡ್‌ಡಿಸ್ಕಿನಲ್ಲಿ ಮೂರು ಪ್ರತಿ, ಒಂದು ಶಿವಮೊಗ್ಗದಲ್ಲಿ, ಒಂದು ಬಯಲುಸೀಮೆಯ ಒಣ ಊರಿನಲ್ಲಿ, ಮೂರನೆಯದು ಕೆಲಸದ ಮೇಜಿನ ಮೇಲೆ. ಮಳೆಗಾಲದಲ್ಲಿ ಲೆನ್ಸು, ಡಿಸ್ಕು ಎರಡೂ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ, ತೇವಾಂಶ 40ರಿಂದ 50 ಪ್ರತಿಶತದೊಳಗೆ. ಜೆಲ್ಲಿನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು, ಅಡುಗೆಗೆ ಬಳಸದ ಬಾಣಲೆ ಇರಲಿ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಸಾಕ್ಷ್ಯಚಿತ್ರಕ್ಕೆ ವಿನಾಯಿತಿ ಇಲ್ಲ. ಹಳೆಯ ತುಣುಕಿನಲ್ಲಿ ಯಾರಾದರೂ ಸಿಗರೇಟು ಹಚ್ಚಿದ್ದರೆ ಕೆಳಗೆ ಎಚ್ಚರಿಕೆಯ ಸಾಲು ಹಾಕಿಯೇ ಕಳಿಸಿ, ಅರ್ಜಿ ಹಿಂದೆ ಬರುವುದು ತಪ್ಪುತ್ತದೆ.

ತುಣುಕುಗಳು ಈಗ ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ, ವರ್ಷವಾರು, ನೆಲದಿಂದ ಎರಡಡಿ ಎತ್ತರದ ಸ್ಟೀಲ್ ಕಪಾಟಿನಲ್ಲಿವೆ. ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೇವೆ. 63ಕ್ಕೆ ಇನ್ನೂ ತಾರೀಕು ಸಿಕ್ಕಿಲ್ಲ. ಅವುಗಳ ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ದಿನಾಂಕವಿಲ್ಲ’ ಎಂದಿದೆ, ಬೆನ್ನ ಪುಟದ ಪ್ರತಿಯನ್ನು ಜೊತೆಗೆ ಮಡಚಿಟ್ಟಿದ್ದೇವೆ. ಚಿತ್ರ ತೋರಿಸಿದ ಕಡೆಯೆಲ್ಲ ಆ ಪ್ರತಿಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ಹರಡಿಡುತ್ತೇವೆ. ಕಳೆದ ಬಾರಿ ಹೊಸನಗರದ ಕಡೆಯ ಹಿರಿಯರೊಬ್ಬರು ಒಂದರ ಬೆನ್ನಲ್ಲಿದ್ದ ಅರ್ಧ ಸುದ್ದಿ ಓದಿ, ಅದು ತಮ್ಮೂರಿನ ಸೇತುವೆ ಕೊಚ್ಚಿಹೋದ ವರ್ಷದ್ದು ಎಂದು ಗುರುತು ಹಿಡಿದರು. ಹಾಗಾಗಿ ತಾರೀಕಿಲ್ಲದವು ಈಗ 63. ಮೊದಲು 64 ಇತ್ತು.